‘ಪ್ರಾರ್ಥನೆ ಮಾಡೋಣ’ ಅಂದುಬಿಟ್ಟರೆ ಸಾಕೇ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ.

ಒಟ್ಟಿಗೆ ಪ್ರಾರ್ಥನೆ ಮಾಡೋ ಸಭೆ ಒಡೆಯೋದಿಲ್ಲ ಅಂತಾರೆ. ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ. ಆ ಪ್ರಾರ್ಥನೆ ಯಾರದೋ ಬಾಯಿ ಮುಚ್ಚಿಸೋಕೆ ಮಾಡಿದ್ದಾಗಿರಬಾರದು.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ ಮೊದಲನೇ ಅಧ್ಯಾಯದಲ್ಲಿ, ಯೇಸು ಪರಲೋಕಕ್ಕೆ ಏರಿಹೋದ ಮೇಲೆ ಶಿಷ್ಯರು ಕೂಡಿದ ಮೇಲಂತಸ್ತಿನ ಕೋಣೆ ಬರುತ್ತಲ್ಲ, ಅಲ್ಲಿದ್ದವರ ಹೆಸರುಗಳನ್ನ ನಾವು ಸರಸರ ಓದಿ ಮುಂದಕ್ಕೆ ಹೋಗಿಬಿಡ್ತೀವಿ. ಸ್ವಲ್ಪ ನಿಂತು ನೋಡಿ. ರೋಮನ್ನರ ಆಳ್ವಿಕೆಯಲ್ಲಿ ಸುಂಕ ವಸೂಲಿ ಮಾಡ್ತಿದ್ದ ಮತ್ತಾಯ ಇದ್ದಾನೆ. ಅದೇ ಕೋಣೆಯಲ್ಲಿ ಮತಾಭಿಮಾನಿ ಸೀಮೋನ, ಅಂದರೆ ಆ ಆಳ್ವಿಕೆಯನ್ನೇ ಒಪ್ಪದ ಗುಂಪಿನವ ಅಂತಾರೆ. ಹೊರಗೆ ಎಲ್ಲಾದರೂ ಸಿಕ್ಕಿದ್ದರೆ ಎಣ್ಣೆ ಸೀಗೆಕಾಯಿ. ಯೇಸುವಿನ ತಮ್ಮಂದಿರೂ ಇದ್ದಾರೆ. ಇವರು ಹಿಂದೆ ಆತನನ್ನ ನಂಬಿರಲಿಲ್ಲ ಅಂತ ಯೋಹಾನನೇ ಬರೆದಿದ್ದಾನೆ. ಮೂರು ಸಲ ‘ಆತನನ್ನ ಅರಿಯೆ’ ಅಂದ ಪೇತ್ರನೂ ಅಲ್ಲೇ ಕೂತಿದ್ದಾನೆ. ಇಂಥವರು ಏಕಮನಸ್ಸಿನಿಂದ ಪ್ರಾರ್ಥಿಸಿದರು. ಮನಸ್ಸು ಒಂದಾದ ಮೇಲೆ ಕೂಡಿ ಬರೋಣ ಅಂತ ಕಾದಿದ್ದರೆ ಆ ಕೋಣೆ ಖಾಲಿಯೇ ಇರ್ತಿತ್ತು.

ಈಗ ಆರನೇ ಅಧ್ಯಾಯಕ್ಕೆ ಬನ್ನಿ. ನನಗೆ ಬಹಳ ಇಷ್ಟವಾದ ಭಾಗ, ಯಾಕಂದ್ರೆ ಅಲ್ಲಿ ಜಗಳ ಇದೆ. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನ ಬಿಟ್ಟುಬಿಡ್ತಿದ್ದಾರೆ ಅಂತ ಗ್ರೀಕ್ ಮಾತಾಡುವವರ ದೂರು. ಅಪೊಸ್ತಲರು ಏನು ಮಾಡಿದರು? ‘ಗೊಣಗಬೇಡಿ, ಪ್ರಾರ್ಥನೆ ಮಾಡಿ’ ಅನ್ನಲಿಲ್ಲ. ಎಲ್ಲರನ್ನೂ ಕರೆದರು, ಏಳು ಜನರನ್ನ ನೀವೇ ಆರಿಸಿ ಅಂದರು. ಆರಿಸಿದ್ದು ಯಾರನ್ನ? ಸ್ತೆಫನ, ಫಿಲಿಪ್ಪ... ಏಳಕ್ಕೆ ಏಳೂ ಗ್ರೀಕ್ ಹೆಸರು, ದೂರು ಕೊಟ್ಟವರ ಕಡೆಯ ಹೆಸರುಗಳೇ! ಆಮೇಲೆ ಪ್ರಾರ್ಥಿಸಿ ಅವರ ಮೇಲೆ ಕೈಯಿಟ್ಟರು. ಈ ಕ್ರಮ ನೋಡಿದ್ರಾ? ನಮ್ಮಲ್ಲಿ ಎಷ್ಟೋ ಕಡೆ ಇದು ತಿರುಗುಮುರುಗು. ಲೆಕ್ಕದ ಬಗ್ಗೆ ಒಬ್ಬರು ಪ್ರಶ್ನೆ ಎತ್ತಿದ ತಕ್ಷಣ ‘ಬನ್ನಿ, ಕಣ್ಣು ಮುಚ್ಚೋಣ’. ಕಣ್ಣು ಮುಚ್ಚಿದ್ರೆ ಲೆಕ್ಕ ಸರಿಹೋಗುತ್ತಾ?

ಹೆರ್ನ್‌ಹುಟ್ ಕಥೆ ಅನೇಕರು ಕೇಳಿರ್ತೀರಿ. ಜರ್ಮನಿಯ ಸಾಕ್ಸನಿಯಲ್ಲಿ, ಮೊರಾವಿಯಾದಿಂದ ಓಡಿಬಂದ ವಿಶ್ವಾಸಿಗಳು 1722ರಲ್ಲಿ ಕಟ್ಟಿಕೊಂಡ ಊರು. 1727ರ ಆಗಸ್ಟ್‌ನಲ್ಲಿ ಅಲ್ಲಿ ಶುರುವಾದ ಹಗಲು ರಾತ್ರಿಯ ಸರದಿ ಪ್ರಾರ್ಥನೆ ನೂರು ವರ್ಷಕ್ಕೂ ಮೀರಿ ನಡೀತು ಅಂತ ಎಲ್ಲ ಬೋಧಕರೂ ಹೇಳ್ತಾರೆ. ಅದಕ್ಕೆ ಮುಂಚೆ ಆ ಊರು ಕಚ್ಚಾಟದಲ್ಲಿ ಮುಳುಗಿತ್ತು ಅನ್ನೋದನ್ನ ಮಾತ್ರ ಬಿಟ್ಟುಬಿಡ್ತಾರೆ. ಜಮೀನು ಕೊಟ್ಟ ಜಿನ್ಜೆನ್‌ಡಾರ್ಫ್ ಮನೆಮನೆಗೆ ಹೋಗಿ ಮಾತಾಡಿದ. ಮೇ ತಿಂಗಳಲ್ಲಿ ಹೇಗೆ ಬಾಳಬೇಕು ಅಂತ ಕರಾರು ಬರೆದು ಸಹಿ ಹಾಕಿದರು. ಆಗಸ್ಟ್ 13ರಂದು ಎಲ್ಲರೂ ಸೇರಿ ಕರ್ತನ ಭೋಜನ ತಗೊಂಡರು. ಸರದಿ ಪ್ರಾರ್ಥನೆ ಶುರುವಾಗಿದ್ದು ಆಮೇಲೆ.

ಹಾಗಂತ ಪ್ರಾರ್ಥನೆ ಬರೀ ಮಂಗಳಾರತಿ ಥರ ಕೊನೆಗೆ ಬರೋದು ಅಂತಲ್ಲ. ಅದಕ್ಕೆ ತನ್ನದೇ ಕೆಲಸ ಇದೆ. ನನಗೆ ಆಗದವರು ನನ್ನ ಪಕ್ಕದಲ್ಲೇ ಕೂತು, ಮಗನ ಖಾಯಿಲೆಗೋಸ್ಕರ ದನಿ ನಡುಗಿಸುತ್ತಾ ಪ್ರಾರ್ಥಿಸೋದನ್ನ ಕೇಳಿ, ಅದಕ್ಕೆ ‘ಆಮೆನ್’ ಅಂದಮೇಲೆ, ಅವರ ಮೇಲೆ ಮೊದಲಿನ ಹಾಗೆ ಹಲ್ಲು ಕಡಿಯೋದು ಕಷ್ಟ. ಇದನ್ನ ಯಾವ ಸಂಧಾನ ಸಭೆಯೂ ಮಾಡಲಾರದು.

ಒಟ್ಟಿಗೆ ಸುವಾರ್ತೆ ಸಾರಲು ಹೊರಟಿದ್ದ ಪೌಲ ಬಾರ್ನಬರೂ ಬೇರೆಯಾದರಲ್ಲ ಅಂತ ಕೇಳ್ತೀರಿ. ಹೌದು, ಉಪವಾಸ ಪ್ರಾರ್ಥನೆ ಮಾಡಿ ಅಂತಿಯೋಕ್ಯದ ಸಭೆ ಕಳಿಸಿಕೊಟ್ಟ ಜೋಡಿಯೇ, ಹಿಂದೆ ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನ ಮತ್ತೆ ಕರ್ಕೊಂಡು ಹೋಗಬೇಕಾ ಅನ್ನೋ ವಿಷಯಕ್ಕೆ ಬೇರೆಯಾಯ್ತು. ಪ್ರಾರ್ಥಿಸುವವರಿಗೆ ಭಿನ್ನಾಭಿಪ್ರಾಯ ಬರೋದೇ ಇಲ್ಲ ಅನ್ನುವವರು ಆ ಪುಟ ಓದಿಲ್ಲ.

ಇನ್ನೊಂದು ಮಾತು, ಪ್ರಾರ್ಥನೆಯಲ್ಲೇ ಬೈಯೋರ ಬಗ್ಗೆ. ‘ಕರ್ತನೇ, ತಡವಾಗಿ ಬರುವ ನಮ್ಮ ಸಹೋದರಿಗೆ ಬುದ್ಧಿ ಕೊಡು’. ಇದು ದೇವರಿಗೆ ಹೇಳಿದ್ದಲ್ಲ, ಆಕೆಗೆ ಹೇಳಿದ್ದು. ಇಂಥ ದೂರು ಇದ್ದರೆ ಕೂಟ ಮುಗಿದ ಮೇಲೆ ಆಕೆಯನ್ನ ಪಕ್ಕಕ್ಕೆ ಕರೆದು ನೇರವಾಗಿ ಹೇಳಿ. ಯಾಕೆ ತಡ ಆಗ್ತಿದೆ ಅಂತಲೂ ಕೇಳಿ. ಬಹುಶಃ ಮುಂದಿನ ವಾರದ ಪ್ರಾರ್ಥನಾ ವಿಷಯ ಅಲ್ಲೇ ಸಿಗುತ್ತೆ.