ಎರಡೂ ಕಣ್ಣಿಗೆ ಒಂದೇ ಕಡಲು

ಈಗ ಪರದೆಯ ಮೇಲೆ ಕಾಣುತ್ತಿರುವುದು ಕಾರವಾರದ ಟಾಗೋರ್ ಕಡಲತೀರ. ಜನವರಿ ತಿಂಗಳು, ಬೆಳಗಿನ ಏಳೂವರೆ. ದೂರದಲ್ಲಿ ನೀರಿನ ಮೇಲೆ ಬಿಳಿ ಚುಕ್ಕೆಗಳು ಕಾಣುತ್ತಿವೆಯಲ್ಲ, ಅವು ಕಡಲಹಕ್ಕಿಗಳು. ನಿಮ್ಮ ಪಾಲಿಗೆ ಅವು ಚುಕ್ಕೆಗಳಾಗಿಯೇ ಉಳಿಯುತ್ತವೆ. ಮೊಬೈಲನ್ನು ದುರ್ಬೀನಿನ ಒಂದು ಕೊಳವೆಗೆ ಒತ್ತಿ ಹಿಡಿದು ಚಿತ್ರೀಕರಿಸಲು ಮೂರು ಬೆಳಗು ಪ್ರಯತ್ನಿಸಿದೆ. ಸಿಕ್ಕಿದ್ದು ಇಷ್ಟೇ, ನೋಡಿ: ಕತ್ತಲೆಯ ನಡುವೆ ನಡುಗುವ ಒಂದು ಬೆಳಕಿನ ಬಿಲ್ಲೆ. ಎರಡು ಕಣ್ಣು ಸೇರಿ ನೋಡುವುದನ್ನು ಕ್ಯಾಮೆರಾದ ಒಂಟಿಕಣ್ಣಿಗೆ ತುಂಬಲು ನನ್ನಿಂದ ಆಗಲಿಲ್ಲ. ಆದ್ದರಿಂದ ಇಂದು ತೋರಿಸುವುದು ಕಡಿಮೆ, ಹೇಳುವುದು ಹೆಚ್ಚು.

ಕಟ್ಟೆಯ ಮೇಲೆ ಇಟ್ಟಿರುವ ಈ ಕಪ್ಪು ವಸ್ತುವೇ ನನ್ನ ದುರ್ಬೀನು. ಅಂಗಡಿಯಲ್ಲಿ ಬೈನಾಕ್ಯುಲರ್ ಎಂದು ಕೇಳುತ್ತೇವೆ, ಆದರೆ ನಮ್ಮ ಮನೆಯಲ್ಲಿ ಇದಕ್ಕೆ ಮೊದಲಿನಿಂದಲೂ ದುರ್ಬೀನು ಎಂದೇ ಹೆಸರು. ಯೆನಾಪ್ಟೆಮ್ 8×30. ಆಗಿನ ಪೂರ್ವ ಜರ್ಮನಿಯ ಯೆನಾ ನಗರದ ಕಾರ್ಲ್ ಜೈಸ್ ಕಂಪನಿ ತಯಾರಿಸಿದ್ದು. ನನ್ನ ಸೋದರಮಾವ ಸರಕು ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. 1984ರಲ್ಲಿ ರಾಸ್ಟಾಕ್ ಬಂದರಿನಲ್ಲಿ ಹಡಗು ನಿಂತಾಗ ಇದನ್ನು ಕೊಂಡರು. ಊರಿಗೆ ಬಂದಾಗ ಮಕ್ಕಳ ಕೈಗೆ ಕೊಡುತ್ತಿದ್ದರು, ಆದರೆ ಒಂದು ಷರತ್ತಿತ್ತು. ಮೊದಲು ಪಟ್ಟಿ ಕೊರಳಿಗೆ ಬೀಳಬೇಕು, ಆಮೇಲೆ ದುರ್ಬೀನು ಕೈಗೆ ಬರಬೇಕು. ಇಂದಿಗೂ ನಾನು ಅದೇ ಕ್ರಮದಲ್ಲಿ ಎತ್ತಿಕೊಳ್ಳುತ್ತೇನೆ.

ಮಾವನ ದುರ್ಬೀನು ಕೈಗೆ ಬರುವ ಮೊದಲು ನನ್ನದೇ ಒಂದು ಇತ್ತು. ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಹಟ ಹಿಡಿದು ಕೊಡಿಸಿಕೊಂಡ ಪ್ಲಾಸ್ಟಿಕ್ಕಿನದು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಾದ್ದರಿಂದ ಅದಕ್ಕಾಗಿ ಎರಡು ವರ್ಷ ಕಾದಿದ್ದೆ. ಅದರಲ್ಲಿ ತೇರು ಎರಡೆರಡಾಗಿ, ಬಣ್ಣದ ಅಂಚು ಕಟ್ಟಿಕೊಂಡು ಕಾಣಿಸಿತು. ಅದೇ ಬೇಸಿಗೆಯಲ್ಲಿ ಮಾವ ತಮ್ಮದನ್ನು ಕೊರಳಿಗೆ ಹಾಕಿದರು. ಮನೆಯ ಮುಂದಿನ ಹಲಸಿನ ಮರದ ತುದಿಯಲ್ಲಿ ಕೂತಿದ್ದ ಮಂಗಟ್ಟೆ ಹಕ್ಕಿಯ ಕಣ್ಣಿನ ಮೇಲೆ ರೆಪ್ಪೆಗೂದಲು ಕಂಡಿತು. ಹಕ್ಕಿಗೆ ರೆಪ್ಪೆಗೂದಲು ಇರಬಹುದೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಈಗ ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಭುಜ ಅಗಲಿಸಿ ನಿಂತ ಮನುಷ್ಯನ ಹಾಗಿದೆ, ಅಲ್ಲವೇ? ಕಣ್ಣಿನ ಕಡೆ ಕಿರಿದು, ಮುಂದಿನ ಕಡೆ ಅಗಲ, ನಡುವೆ ಒಂದು ಮಡಿಕೆ. ಈ ಆಕಾರವನ್ನು ಅಂದಕ್ಕಾಗಿ ಮಾಡಿದ್ದಾರೆಂದು ಬಹಳ ಕಾಲ ನಂಬಿದ್ದೆ. ವಿಜ್ಞಾನ ಕಲಿಸುವ ಕೆಲಸಕ್ಕೆ ಸೇರಿದ ಮೇಲೆ ಅರ್ಥವಾಯಿತು, ಈ ಮಡಿಕೆ ಬೆಳಕು ನಡೆದ ದಾರಿ. ಎರಡು ಉಬ್ಬು ಮಸೂರಗಳನ್ನು ಮಾತ್ರ ಇಟ್ಟು ದೂರದ್ದನ್ನು ನೋಡಿದರೆ ಬಿಂಬ ತಲೆಕೆಳಗಾಗಿರುತ್ತದೆ. ಅದನ್ನು ನೆಟ್ಟಗೆ ಮಾಡುವ ಉಪಾಯವನ್ನು ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಕಂಡುಕೊಂಡರು. ಎರಡು ಪಟ್ಟಕಗಳನ್ನು, ಅಂದರೆ ಪ್ರಿಸಂಗಳನ್ನು, ಒಂದಕ್ಕೊಂದು ಅಡ್ಡಲಾಗಿ ಇಡುವುದು. ಬೆಳಕು ಒಂದೊಂದರಲ್ಲಿ ಎರಡು ಬಾರಿ ತಿರುಗಿ, ಒಟ್ಟು ನಾಲ್ಕು ತಿರುವು ದಾಟಿ, ತಲೆ ನೆಟ್ಟಗಾಗಿ, ಎಡಬಲ ಸರಿಯಾಗಿ ಹೊರಬರುತ್ತದೆ. ಪಟ್ಟಕದ ಆ ಮುಖಗಳಿಗೆ ಕನ್ನಡಿಯ ಪಾದರಸವೂ ಬೇಡ, ಬೆಳ್ಳಿಯೂ ಬೇಡ. ತಕ್ಕ ಕೋನದಲ್ಲಿ ಬಂದ ಬೆಳಕನ್ನು ಗಾಜೇ ಒಳಕ್ಕೆ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಪೂರ್ಣ ಆಂತರಿಕ ಪ್ರತಿಫಲನ ಎಂಬ ಪಾಠ ಮಾಡುವ ದಿನ ನಾನು ಹಲಗೆಯ ಮೇಲೆ ಬರೆಯುವ ಮೊದಲು ಇದನ್ನು ಮೇಜಿನ ಮೇಲೆ ಇಡುತ್ತೇನೆ.

ಪೊರೊ ಅವರ ಕಾಲಕ್ಕೆ ಉಪಾಯ ಸಿಕ್ಕಿತ್ತು, ಅದಕ್ಕೆ ಬೇಕಾದಷ್ಟು ತಿಳಿಯಾದ ಗಾಜು ಸಿಕ್ಕಿರಲಿಲ್ಲ. ಯೆನಾದಲ್ಲಿ ಒಟ್ಟೊ ಶಾಟ್ ಅವರ ಗಾಜಿನ ಕೆಲಸ ಶುರುವಾದದ್ದು 1884ರಲ್ಲಿ. ಅದೇ ಊರಿನ ಎರ್ನ್ಸ್ಟ್ ಅಬೆ ಲೆಕ್ಕ ಹಾಕಿ ರೂಪಿಸಿದ ಪಟ್ಟಕದ ದುರ್ಬೀನು ಮಾರುಕಟ್ಟೆಗೆ ಬಂದದ್ದು 1894ರಲ್ಲಿ. ನಲವತ್ತು ವರ್ಷ ಒಂದು ಯೋಚನೆ ಗಾಜಿಗಾಗಿ ಕಾದಿತ್ತು. ಈ ಮಡಿಕೆಯ ಮೇಲೆ ಬೆರಳಾಡಿಸುವಾಗೆಲ್ಲ ನನಗೆ ಆ ಕಾಯುವಿಕೆ ನೆನಪಾಗುತ್ತದೆ.

ಮುಂದಿನ ಗಾಜುಗಳು ನಮ್ಮ ಎರಡು ಕಣ್ಣುಗಳಿಗಿಂತ ಹೆಚ್ಚು ದೂರದಲ್ಲಿರುವುದರಿಂದ ಇನ್ನೊಂದು ಲಾಭವಿದೆ, ನನಗೆ ಅತಿ ಪ್ರಿಯವಾದದ್ದು ಅದೇ. ಆಳ ಕಾಣುತ್ತದೆ. ಅಲೆ ಒಂದು ಗೋಡೆಯಂತೆ ಕಾಣದೆ, ಅಲೆಯ ಹಿಂದೆ ಅಲೆ, ಅದರ ಹಿಂದೆ ದೋಣಿ, ದೋಣಿಯ ಹಿಂದೆ ಕೂರ್ಮಗಡ ದ್ವೀಪ ಎಂದು ಒಂದೊಂದೂ ತನ್ನ ತನ್ನ ದೂರದಲ್ಲಿ ನಿಲ್ಲುತ್ತದೆ. ನೇರ ಕೊಳವೆಯ ಹೊಸ ದುರ್ಬೀನುಗಳು ಹಗುರ, ಗಟ್ಟಿಮುಟ್ಟು, ಒಳಗೆ ಸಾರಜನಕ ತುಂಬಿ ಮುಚ್ಚಿದವು ಮಳೆಗೂ ಜಗ್ಗುವುದಿಲ್ಲ. ಆಷಾಢದಲ್ಲಿ ಕಾಡು ತಿರುಗುವವರು ಅಂಥದ್ದನ್ನೇ ಕೊಳ್ಳಿ ಎಂದು ನಾನೇ ಹೇಳುತ್ತೇನೆ. ದಪ್ಪ ಕನ್ನಡಕ ಹಾಕುವವರಿಗೂ ಇಂಥ ಹಳೆಯದರಲ್ಲಿ ನೋಟದ ಅಂಚು ಕತ್ತರಿಸಿಹೋಗುತ್ತದೆ. ಆದರೆ ಆಳದ ಈ ಸುಖ ಅವುಗಳಲ್ಲಿ ನನಗೆ ಇಷ್ಟು ಸಿಕ್ಕಿಲ್ಲ.

8×30 ಎಂದರೆ ಎಂಟು ಪಟ್ಟು ಹತ್ತಿರ, ಮುಂದಿನ ಗಾಜಿನ ಅಗಲ 30 ಮಿಲಿಮೀಟರ್. 240 ಮೀಟರ್ ಆಚೆಯ ಹಕ್ಕಿ 30 ಮೀಟರಿನಲ್ಲಿ ಕೂತಂತೆ. ಜಾತ್ರೆಯ ಅಂಗಡಿಗಳಲ್ಲಿ ದೊಡ್ಡ ದೊಡ್ಡ ಅಂಕಿ ಬರೆದ, ಕೆಂಪು ಹೊಳಪಿನ ಗಾಜಿನವು ಸಿಗುತ್ತವೆ. ಅಂಕಿಗೆ ಮರುಳಾಗಬೇಡಿ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಎಂಟು ಪಟ್ಟು ನನ್ನ ಉಸಿರಿಗೆ ಒಗ್ಗುತ್ತದೆ.

ನೋಡುವ ಮೊದಲಿನ ಸಿದ್ಧತೆಯೇ ಒಂದು ಸೊಗಸು. ನಡುವಿನ ಕೀಲು ಮಡಿಸಿ ಎರಡು ವೃತ್ತಗಳನ್ನು ಒಂದಾಗಿಸಬೇಕು. ಕೀಲಿನ ಮೇಲೆ ಮಿಲಿಮೀಟರಿನ ಗೆರೆಗಳಿವೆ. ನನ್ನದು 62, ಮಾವನದು 66. ಬೇರೆಯವರು ನೋಡಿ ಕೊಟ್ಟರೆ ಗೆರೆ ನೋಡಿ ನನ್ನ ಅಳತೆಗೆ ತಂದುಕೊಳ್ಳುತ್ತೇನೆ. ಬಲಗಣ್ಣು ಮುಚ್ಚಿ ಎಡಗಣ್ಣಿಗೆ ನಡುವಿನ ಚಕ್ರ ತಿರುಗಿಸಬೇಕು, ಆಮೇಲೆ ಎಡಗಣ್ಣು ಮುಚ್ಚಿ ಬಲಗಣ್ಣಿನ ಉಂಗುರ ತಿರುಗಿಸಬೇಕು. ಈ ಚಕ್ರದ ಹಲ್ಲುಗಳನ್ನು ನೋಡಿ, ಬೆರಳು ಜಾರದಷ್ಟು ಒರಟು, ಉಜ್ಜದಷ್ಟು ನಯ. ತಿರುಗುವಾಗ ಬೆಣ್ಣೆಯಲ್ಲಿ ಚಮಚ ಆಡಿದ ಹಾಗೆ. ಕಪ್ಪು ಬಣ್ಣ ಅಂಚುಗಳಲ್ಲಿ ಸವೆದು ಲೋಹ ಮಿನುಗುತ್ತಿದೆ. ಅದು ಮಾವನ ಹೆಬ್ಬೆರಳು ಕೂರುತ್ತಿದ್ದ ಜಾಗ. ಈಗ ನನ್ನದೂ ಅಲ್ಲೇ ಕೂರುತ್ತದೆ.

ಇನ್ನು ಹಕ್ಕಿಗಳು. ಬೆಳಗ್ಗೆ ಬರುವುದಕ್ಕೆ ಕಾರಣವಿದೆ. ನಮ್ಮ ಕಡಲು ಪಶ್ಚಿಮಕ್ಕೆ, ಬೆಳಗಿನ ಸೂರ್ಯ ಘಟ್ಟದ ಕಡೆಯಿಂದ, ನಮ್ಮ ಬೆನ್ನ ಹಿಂದೆ ಏರುತ್ತಾನೆ. ಬೆಳಕೆಲ್ಲ ನೋಡುವ ವಸ್ತುವಿನ ಮೇಲೇ ಬೀಳುತ್ತದೆ. ಸಂಜೆ ಇಲ್ಲಿಗೆ ಬಂದು ಮುಳುಗುವ ಸೂರ್ಯನಿಗೆ ದುರ್ಬೀನು ಹಿಡಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಎಂದಿಗೂ ಹಾಗೆ ಮಾಡಬೇಡಿ, ಕಣ್ಣು ಸುಟ್ಟುಹೋಗುತ್ತದೆ. ಹಾಗೆಯೇ, ದಕ್ಷಿಣಕ್ಕೆ ಅರ್ಗಾದ ಕಡೆ ನೌಕಾನೆಲೆ ಇದೆ. ಕಾರವಾರದಲ್ಲಿ ದುರ್ಬೀನು ಹಿಡಿಯುವವರು ಆ ದಿಕ್ಕಿಗೆ ಅದನ್ನು ತಿರುಗಿಸುವುದಿಲ್ಲ. ನಮಗೆ ಉತ್ತರದಲ್ಲಿ ಕಾಳಿ ನದಿ ಇದ್ದಾಳೆ, ಎದುರಿಗೆ ಇಡೀ ಅರಬ್ಬಿ ಸಮುದ್ರವಿದೆ, ಸಾಕು.

ಆ ಬಿಳಿ ಚುಕ್ಕೆಗಳಿಗೆ ಬರೋಣ. ಅವು ಕಂದುತಲೆಯ ಕಡಲಹಕ್ಕಿಗಳು. ಆದರೆ ಚಳಿಗಾಲದಲ್ಲಿ ತಲೆ ಕಂದಾಗಿರುವುದಿಲ್ಲ. ಬಿಳಿ ತಲೆ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ, ಕೈಬೆರಳಿನಲ್ಲಿ ಕಾಡಿಗೆ ಒತ್ತಿದ ಹಾಗೆ. ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನೊಳಗೆ ಮತ್ತೆ ಒಂದು ಬಿಳಿ ಕಿಟಕಿ. ಬರಿಗಣ್ಣಿಗೆ ಆ ಕಿಟಕಿ ಕಾಣುವುದಿಲ್ಲ. ಇವು ಮರಿ ಮಾಡುವುದು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳ ದಂಡೆಯಲ್ಲಿ. ಹಿಮದ ನೀರಿನ ಊರಿನಿಂದ ಬಂದು ಕೋಡಿಬಾಗದ ಮರಳಿನಲ್ಲಿ ಬಂಗುಡೆಯ ಕರುಳಿಗೆ ಜಗಳವಾಡುತ್ತಿವೆ. ಮಾರ್ಚ್ ಹೊತ್ತಿಗೆ ಕೆಲವುಗಳ ತಲೆಗೆ ಕಂದು ಇಳಿಯತೊಡಗುತ್ತದೆ. ಊರಿಗೆ ಹೊರಡುವ ತಯಾರಿ.

ಮೊನ್ನೆ ಇದೇ ಕಟ್ಟೆಯಿಂದ ಕಾಳಿಯ ಅಳಿವೆಯ ಕಡೆ ನೋಡುತ್ತಿದ್ದೆ. ಬೂದು ಬೆನ್ನೊಂದು ಎದ್ದು ಮುಳುಗಿತು. ಡಾಲ್ಫಿನ್. ಬೆನ್ನಿನ ಮೇಲೆ ಗೂನಿರುವ ಜಾತಿ, ದಡಕ್ಕೆ ಹತ್ತಿರವಿರುವುದು ಅದರ ರೂಢಿ. ಮೊಬೈಲ್ ತೆಗೆಯಲೇ ಎಂದು ಒಂದು ಕ್ಷಣ ಕೈ ಜೇಬಿಗೆ ಹೋಯಿತು, ವಾಪಸು ಬಂತು. ತೆಗೆದಿದ್ದರೆ ನಿಮಗೆ ತೋರಿಸಲು ಒಂದು ಕಪ್ಪು ಗೆರೆ ಸಿಗುತ್ತಿತ್ತು, ನನಗೆ ಎರಡನೆಯ ಬೆನ್ನು ತಪ್ಪುತ್ತಿತ್ತು. ಅದು ಮರಿಯದು. ತಾಯಿ ಎದ್ದ ಪ್ರತಿ ಸಲವೂ ಅರೆಗಳಿಗೆ ತಡವಾಗಿ ಏಳುತ್ತಿತ್ತು. ಹನ್ನೊಂದು ಸಲ ಎಣಿಸಿದೆ.

ಇಂಥ ದುರ್ಬೀನಿಗೆ ನಮ್ಮ ಜಿಲ್ಲೆಯ ಮಳೆಗಾಲವೇ ವೈರಿ. ಗಾಳಿಯಲ್ಲಿ ಉಪ್ಪು, ಗೋಡೆಯಲ್ಲಿ ನೀರು. ಮಾವ ತೀರಿಕೊಂಡ ವರ್ಷ ಇದನ್ನು ಚರ್ಮದ ಪೆಟ್ಟಿಗೆಯಲ್ಲೇ ಬಿಟ್ಟುಬಿಟ್ಟಿದ್ದೆವು. ತೆಗೆದಾಗ ಪಟ್ಟಕದ ಮೇಲೆ ಜೇಡರ ಬಲೆಯಂಥ ಬೂಷ್ಟು. ಬೂಷ್ಟು ಬಹಳ ಕಾಲ ಕೂತರೆ ಗಾಜಿನ ಲೇಪವನ್ನೇ ಕೆಡಿಸುತ್ತದೆ. ಲೇಪ ಸಣ್ಣ ಸಂಗತಿಯಲ್ಲ. ಲೇಪವಿಲ್ಲದ ಗಾಜಿನ ಪ್ರತಿ ಮುಖವೂ ಬೆಳಕಿನ ನೂರರಲ್ಲಿ ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ, ಹತ್ತು ಮುಖ ದಾಟುವಷ್ಟರಲ್ಲಿ ಮೂರರಲ್ಲಿ ಒಂದು ಪಾಲು ಬೆಳಕೇ ಹೋಗಿರುತ್ತದೆ. ಅದನ್ನು ತಡೆಯುವ ತೆಳು ಲೇಪವನ್ನು 1935ರಲ್ಲಿ ಕಂಡುಹಿಡಿದವರು ಜೈಸ್‌ನಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲ. ಈ ಗಾಜನ್ನು ಓರೆ ಮಾಡಿದಾಗ ಕಾಣುವ ನೇರಳೆ ಹೊಳಪು ಅದೇ.

ಹುಬ್ಬಳ್ಳಿಯಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಹಿರಿಯರೊಬ್ಬರು ಇದನ್ನು ನನ್ನೆದುರೇ ಬಿಚ್ಚಿದರು. ಬಿಚ್ಚಬಹುದು ಎಂಬುದೇ ಇದರ ದೊಡ್ಡ ಗುಣ. ಮೊಳೆ, ಉಂಗುರ, ತಗಡು, ಒಂದೊಂದನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಪಟ್ಟಕಗಳನ್ನು ಒರೆಸಿದರು. ಕೂಡಿಸಿದ ಮೇಲೆ ಬೀದಿಯಾಚೆಯ ಮನೆಯ ಹೆಂಚಿನ ಅಂಚು ನೋಡುತ್ತಾ ಮುಂದಿನ ಮಸೂರದ ಉಂಗುರಗಳನ್ನು ಕೂದಲೆಳೆಯಷ್ಟು ತಿರುಗಿಸಿದರು. ಆ ಉಂಗುರಗಳ ತೂತು ನಟ್ಟನಡುವೆ ಇರುವುದಿಲ್ಲ. ತಿರುಗಿಸಿದಂತೆ ಮಸೂರ ಪಕ್ಕಕ್ಕೆ ಸರಿಯುತ್ತದೆ, ಎರಡು ಹೆಂಚುಗಳು ಹತ್ತಿರ ಬಂದು ಒಂದಾಗುತ್ತವೆ. ‘ನೋಡಮ್ಮಾ, ಈಗ ಒಂದೇ ಇದೆ’ ಎಂದು ಕೊಟ್ಟರು. ಒಂದೇ ಇತ್ತು.

ಅಂದಿನಿಂದ ಮಳೆಗಾಲದಲ್ಲಿ ಇದು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿರುತ್ತದೆ. ಬಿಸಿಲು ಬಿದ್ದ ದಿನ ಹೊರಗೆ ಬರುತ್ತದೆ. ಹಳೆಯದನ್ನು ಕೊಳ್ಳುವವರೂ ಈ ಎರಡನ್ನು ನೋಡಿ: ಮುಂದಿನಿಂದ ಟಾರ್ಚ್ ಬಿಟ್ಟು ಒಳಗೆ ಬೂಷ್ಟಿದೆಯೇ, ಹೆಂಚಿನ ಅಂಚು ಎರಡಾಗಿ ಕಾಣುತ್ತದೆಯೇ. ಉಳಿದ ಗೀರುಗಳನ್ನೆಲ್ಲ ಕ್ಷಮಿಸಬಹುದು.

ಶಿರಸಿಯ ಮನೆಗೆ ಒಯ್ದರೆ ಇದು ಅಪ್ಪನ ಕೈಗೆ ಹೋಗುತ್ತದೆ. ಅಪ್ಪನಿಗೆ ಹಕ್ಕಿಯ ಆಸೆ ಅಷ್ಟಿಲ್ಲ. ಅಡಿಕೆ ತೋಟಕ್ಕೆ ಮದ್ದು ಹೊಡೆಸಿದ ಮೇಲೆ ಕೊಳೆರೋಗ ಹತ್ತಿದೆಯೋ ಇಲ್ಲವೋ ಎಂದು ಬುಡದಲ್ಲಿ ನಿಂತೇ ಕೊನೆಗಳನ್ನು, ಅಂದರೆ ಅಡಿಕೆಯ ಗೊನೆಗಳನ್ನು, ಒಂದೊಂದಾಗಿ ನೋಡುತ್ತಾರೆ. ಕುತ್ತಿಗೆ ನೋಯುವವರೆಗೆ ನೋಡುತ್ತಾರೆ. ‘ಕೊನೆಗಾರ ಮೇಲೆ ಹತ್ತಿ ಹೇಳುತ್ತಿದ್ದುದನ್ನು ಇಷ್ಟು ವರ್ಷ ನಂಬಿಕೊಂಡಿದ್ದೆ, ಈಗ ನಾನೇ ಕಂಡೆ ತಂಗಿ’ ಎಂದು ಮೊದಲ ದಿನ ಹೇಳಿದ್ದರು.

ಕೊನೆಯ ದೃಶ್ಯ ಮಾಜಾಳಿಯದು, ನಿನ್ನೆ ಬೆಳಗಿನದು. ನಾಡದೋಣಿಗಳು ಬರುವ ಹೊತ್ತು. ಬುಟ್ಟಿ ಬೋರಲು ಹಾಕಿ ಹೆಂಗಸರು ಮರಳಿನಲ್ಲಿ ಕೂತಿದ್ದರು. ಕಡಲಿಗೆ ಹೋಗುವುದನ್ನು ಬಿಟ್ಟ ಹಿರಿಯರೊಬ್ಬರು ನನ್ನ ಪಕ್ಕ ನಿಂತು, ‘ಅಕ್ಕೋರೇ, ಒಮ್ಮೆ ಕೊಡಿ’ ಎಂದರು. ಪಟ್ಟಿಯನ್ನು ಅವರ ಕೊರಳಿಗೆ ಹಾಕಿದೆ. ಚಕ್ರ ಹೇಗೆ ತಿರುಗಿಸಬೇಕೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರ ಬೆರಳು ಅದನ್ನು ಕಂಡುಕೊಂಡಿತ್ತು. ನಾನು ಆ ದೋಣಿಯ ಬಣ್ಣ ನೋಡಿದ್ದೆ, ಅದರ ಮೇಲೆ ಹಾರುತ್ತಿದ್ದ ಗರುಡಗಳನ್ನು ನೋಡಿದ್ದೆ. ಅವರು ನೋಡಿದ್ದು ದೋಣಿಯ ಅಂಚಿಗೂ ನೀರಿಗೂ ನಡುವೆ ಎಷ್ಟು ಗೇಣು ಉಳಿದಿದೆ ಎಂಬುದನ್ನು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ದುರ್ಬೀನು ಕಣ್ಣಿನಿಂದ ತೆಗೆಯದೆಯೇ ಹೆಂಗಸರ ಕಡೆ ಕೈ ಬೀಸಿ, ‘ದೋಣಿ ತಗ್ಗಿ ಬರುತ್ತಿದೆ, ಏಳಿ’ ಎಂದರು.

ಬುಟ್ಟಿಗಳು ಎದ್ದವು. ದುರ್ಬೀನು ನನ್ನ ಕೈಗೆ ಮರಳಿದಾಗ ಚಕ್ರದ ಹಲ್ಲುಗಳಲ್ಲಿ ಎರಡು ಮೀನಿನ ಪೊರೆ ಅಂಟಿಕೊಂಡಿದ್ದವು, ಕೀಲು 68ರ ಗೆರೆಯಲ್ಲಿತ್ತು.