ರಾ ಸಿಲ್ಕ್ ಅಲ್ಲ, ಡುಪಿಯಾನ್ ಅನ್ನಿ

ನಮಸ್ಕಾರ. ಮದುವೆ ಸೀಸನ್ ಬಂತೆಂದರೆ ಶಿರಸಿಯ ಬಟ್ಟೆ ಅಂಗಡಿಗಳಲ್ಲಿ ಒಂದು ಹೆಸರು ಜಾಸ್ತಿ ಕೇಳುತ್ತದೆ: ರಾ ಸಿಲ್ಕ್. ಬ್ಲೌಸ್ ಪೀಸೂ ರಾ ಸಿಲ್ಕ್, ಲಂಗವೂ ರಾ ಸಿಲ್ಕ್, ಮದುಮಗನ ಕುರ್ತಾವೂ ರಾ ಸಿಲ್ಕ್. ಬಟ್ಟೆ ಸ್ವಲ್ಪ ಒರಟಾಗಿದ್ದು, ಅಲ್ಲಲ್ಲಿ ಗಂಟು ಕಂಡರೆ ಸಾಕು, ಅದೇ ಹೆಸರು. ನನಗೆ ಇದು ಸರಿ ಕಾಣುವುದಿಲ್ಲ.

ನಿಜವಾದ ರಾ ಸಿಲ್ಕ್ ಅಂದರೆ ಹುಳ ಬಿಟ್ಟ ಅಂಟನ್ನು ಇನ್ನೂ ತೆಗೆಯದ ರೇಷ್ಮೆ. ನಾವು ಮುಟ್ಟಿ ನೋಡುವ ಗಂಟುಗಂಟಿನ ರೇಷ್ಮೆಗೆ ಬೇರೆಯದೇ ಹೆಸರಿದೆ, ಡುಪಿಯಾನ್. ಮೂಲ ಇಟಾಲಿಯನ್. ಅಲ್ಲಿ ದೊಪ್ಪಿಯೊ ಅಂದರೆ ಜೋಡಿ.

ಏನು ಜೋಡಿ? ಹುಳಗಳು. ಸಾಮಾನ್ಯವಾಗಿ ಒಂದು ಹುಳ, ಒಂದು ಗೂಡು. ಆದರೆ ಚಂದ್ರಿಕೆಯ (ಹುಳ ಗೂಡು ಕಟ್ಟಲು ಬಿಡುವ ತಟ್ಟೆ) ಮೇಲೆ ಹುಳಗಳನ್ನು ಒತ್ತೊತ್ತಾಗಿ ಬಿಟ್ಟರೆ ಕೆಲವು ಕಡೆ ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ಎರಡರ ಎಳೆಯೂ ಒಂದಕ್ಕೊಂದು ಸಿಕ್ಕಾಗಿರುತ್ತದೆ. ಬಿಸಿನೀರಿಗೆ ಹಾಕಿ ನೂಲು ತೆಗೆಯುವಾಗ ಒಮ್ಮೆ ತೆಳ್ಳಗೆ ಬರುತ್ತದೆ, ಒಮ್ಮೆ ದಪ್ಪಗೆ. ಮಗ್ಗದಲ್ಲಿ ಹಾಸಿನ, ಅಂದರೆ ಉದ್ದಕ್ಕಿರುವ ನೂಲು ನುಣುಪಾಗಿರುತ್ತದೆ, ಹೊಕ್ಕಿನ, ಅಂದರೆ ಅಡ್ಡಕ್ಕಿರುವ ನೂಲು ಈ ಗಂಟಿನದ್ದು. ಅದಕ್ಕೇ ಡುಪಿಯಾನ್ ಹರಡಿ ನೋಡಿದರೆ ಗೆರೆಗಳೆಲ್ಲ ಅಡ್ಡಡ್ಡ. ಯಾವುದೂ ಇನ್ನೊಂದರ ಹಾಗಿರುವುದಿಲ್ಲ. ಗಂಟಿದೆ, ಡ್ಯಾಮೇಜ್ ಪೀಸು ಅಂತ ವಾಪಸ್ ಕೊಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆ ಬಟ್ಟೆಗೆ ಹೆಸರು ಬಂದಿರುವುದೇ ಆ ಜೋಡಿ ಗೂಡಿನಿಂದ ಅಲ್ವಾ?

 

ಹೆಸರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬಹುದು. ನಮ್ಮ ಅಡಿಕೆ ಮಾರ್ಕೆಟ್ಟಿನಲ್ಲಿ ಕೆಂಪುಗೋಟು ಅನ್ನುವ ಬಗೆಯ ಅಡಿಕೆ ತೋರಿಸಿ ಅದನ್ನೇ ರಾಶಿ ಅನ್ನುವ ಬೇರೆ ಬಗೆ ಅಂದರೆ ಒಬ್ಬರಾದರೂ ಒಪ್ಪುತ್ತಾರಾ? ಹೆಸರು ತಪ್ಪಿದರೆ ದರ ತಪ್ಪುತ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಅದೇ ನಾವು ಬಟ್ಟೆ ಅಂಗಡಿಯಲ್ಲಿ ಸುಮ್ನೆ ತಲೆಯಾಡಿಸುತ್ತೇವೆ. ಪಾಲಿಯೆಸ್ಟರ್ ನೂಲಿನಲ್ಲೂ ಬೇಕಂತಲೇ ಗಂಟು ಬರಿಸುತ್ತಾರೆ. ಅದಕ್ಕೂ ರಾ ಸಿಲ್ಕ್ ಎಂದೇ ಹೆಸರಿಟ್ಟು ಮಾರುತ್ತಾರೆ. ಮಗಳ ಮದುವೆಗೆಂದು ಕೂಡಿಟ್ಟ ದುಡ್ಡು ಪ್ಲಾಸ್ಟಿಕ್ ನೂಲಿಗೆ ಹೋಗುತ್ತದೆ.

ಅನುಮಾನ ಬಂದರೆ ಅಂಚಿನಿಂದ ಅಡ್ಡ ನೂಲನ್ನೊಂದು ಎಳೆದು, ಬಟ್ಟೆಯಿಂದ ದೂರ ಹಿಡಿದು ಸುಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲಿ ಹೀಗೆ ಮಾಡಲು ಬಿಡದಿದ್ದರೆ ಶುದ್ಧ ರೇಷ್ಮೆ ಎಂದು ಖಾತರಿ ಕೊಡುವ ಸಿಲ್ಕ್ ಮಾರ್ಕ್ ಲೇಬಲ್ ಕೇಳಿ. ಕೇಂದ್ರ ರೇಷ್ಮೆ ಮಂಡಳಿ ಅದನ್ನು 2004ರಲ್ಲಿ ತಂದಿದ್ದು ಇದಕ್ಕೇ.

ಅಂಗಡಿಯವರಿಗೂ ಒಂದು ಮಾತು. ಡುಪಿಯಾನ್ ಇದ್ದರೆ ಡುಪಿಯಾನ್ ಅಂತಲೇ ಹೇಳಿ, ಪಾಲಿಯೆಸ್ಟರ್ ಇದ್ದರೆ ಪಾಲಿಯೆಸ್ಟರ್ ಅನ್ನಿ. ಬಿಲ್ಲಿನಲ್ಲೂ ಹಾಗೇ ಬರೆದುಕೊಡಿ.