ಮುರಿದ ಲೋಹದ ಮೈಯನ್ನು ಓದುವ ಬಗೆ

ಸಭಿಕರೇ,

ವರ್ಷಗಟ್ಟಲೆ ತಿರುಗಿದ ಯಂತ್ರದ ಉಕ್ಕಿನ ಶಾಫ್ಟ್ ಒಂದು ದಿನ ತುಂಡಾಗುತ್ತದೆ. ಹೊರೆ ಮಿತಿಮೀರಿ ಒಮ್ಮೆಲೇ ಮುರಿಯಿತೇ, ಇಲ್ಲವೇ ಒಳಗೊಳಗೇ ಬೆಳೆಯುತ್ತಿದ್ದ ಬಿರುಕು ಅದನ್ನು ಕೆಡವಿತೇ ಎಂಬುದರ ಗುರುತು ಬಹುಮಟ್ಟಿಗೆ ಆ ಮುರಿದ ಮೈಮೇಲೆಯೇ ಉಳಿದಿರುತ್ತದೆ. ಅದನ್ನು ಓದಲು ಪ್ರಯೋಗಾಲಯಗಳು ನೆಚ್ಚಿಕೊಂಡಿರುವ ಉಪಕರಣವೇ ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಅಂದರೆ ನಾವು ದಿನನಿತ್ಯ ‘ಸೆಮ್’ ಎಂದು ಕರೆಯುವ ಯಂತ್ರ.

1930ರ ದಶಕದಲ್ಲಿ ಜರ್ಮನಿಯಲ್ಲಿ ಮೊಳೆತ ಈ ಕಲ್ಪನೆಯನ್ನು ಕೇಂಬ್ರಿಜ್‌ನಲ್ಲಿ ಚಾರ್ಲ್ಸ್ ಓಟ್ಲಿ ಮತ್ತು ಅವರ ವಿದ್ಯಾರ್ಥಿಗಳು 1948ರಿಂದ ಪಟ್ಟುಹಿಡಿದು ಬೆಳೆಸಿದರು. 1965ರಲ್ಲಿ ‘ಸ್ಟೀರಿಯೋಸ್ಕ್ಯಾನ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು.

ಬೆಳಕಿನ ಸೂಕ್ಷ್ಮದರ್ಶಕವನ್ನು ಹೆಚ್ಚಿನ ವರ್ಧನೆಯಲ್ಲಿ ಬಳಸಬೇಕಾದರೆ ಮಾದರಿಯನ್ನು ಉಜ್ಜಿ ಸಮತಟ್ಟು ಮಾಡಬೇಕಾಗುತ್ತದೆ, ಆದರೆ ಮುರಿದ ಮೈಯನ್ನು ಉಜ್ಜಿದರೆ ನಾವು ಹುಡುಕುತ್ತಿರುವ ಸಾಕ್ಷ್ಯವೇ ಅಳಿಸಿಹೋಗುತ್ತದೆ. ಸೆಮ್‌ನಲ್ಲಿ ಆ ತೊಡಕಿಲ್ಲ. ನಿರ್ವಾತದಲ್ಲಿ ಎಲೆಕ್ಟ್ರಾನ್‌ಗಳ ತೆಳು ಕಿರಣವೊಂದು ಮಾದರಿಯ ಮೇಲೆ ಸಾಲುಸಾಲಾಗಿ ಹರಿಯುತ್ತದೆ. ಪ್ರತಿ ಬಿಂದುವಿನಿಂದ ಹೊರಬಿದ್ದ ಎಲೆಕ್ಟ್ರಾನ್‌ಗಳ ಪ್ರಮಾಣಕ್ಕೆ ತಕ್ಕಂತೆ ತೆರೆಯ ಮೇಲೆ ಕಪ್ಪು, ಬೂದು, ಬಿಳಿ ಛಾಯೆಗಳು ಮೂಡುತ್ತವೆ. ಏರುತಗ್ಗುಗಳೆಲ್ಲ ಒಟ್ಟಿಗೇ ಸ್ಪಷ್ಟವಾಗಿ ಕಾಣುವುದು ಇದರ ದೊಡ್ಡ ಗುಣ. ಪತ್ರಿಕೆಗಳಲ್ಲಿ ಅಚ್ಚಾಗುವ ಸೆಮ್ ಚಿತ್ರಗಳ ಚೆಲುವಾದ ಬಣ್ಣಗಳು ಮಾತ್ರ ಆಮೇಲೆ ಹಚ್ಚಿದವು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ತೆರೆಯ ಮೇಲಿನ ಚಿತ್ರ ಕೇವಲ ಮೇಲ್ಮೈಯದ್ದು ಎಂದು ನಂಬಿಬಿಡುವುದು ಸುಲಭ. ಮೇಲ್ಮೈಯ ಕೆಲವೇ ನ್ಯಾನೋಮೀಟರ್ ಆಳದಿಂದ ಕಿರಣದ ಹೊಡೆತಕ್ಕೆ ಮಾದರಿಯಿಂದಲೇ ಕಳಚಿ ಹೊರಬರುವ ದ್ವಿತೀಯಕ ಎಲೆಕ್ಟ್ರಾನ್‌ಗಳು ಆಕಾರವನ್ನು ತೋರಿಸುತ್ತವೆ, ನಿಜ. ಆದರೆ ಎಲೆಕ್ಟ್ರಾನ್‌ಗಳನ್ನು ನೂಕುವ ವೋಲ್ಟೇಜ್ 20 ಕಿಲೋವೋಲ್ಟ್ ಇದ್ದಾಗ ಕಿರಣವು ಉಕ್ಕಿನೊಳಗೆ ಒಂದು ಮೈಕ್ರೋಮೀಟರಿಗಿಂತಲೂ ಆಳಕ್ಕೆ ಇಳಿಯುತ್ತದೆ. ಅಲ್ಲಿಂದ ಹಿಂದಕ್ಕೆ ಚಿಮ್ಮಿದ ಎಲೆಕ್ಟ್ರಾನ್‌ಗಳು ಹೊರಬರುವಾಗ ಇನ್ನಷ್ಟು ದ್ವಿತೀಯಕಗಳನ್ನು ಹೊರಡಿಸುವುದರಿಂದ ತೆಳುವಾದ ಪದರಗಳು ಚಿತ್ರದಲ್ಲಿ ಮಸುಕಾಗುತ್ತವೆ. ವೋಲ್ಟೇಜನ್ನು 2 ಕಿಲೋವೋಲ್ಟ್‌ಗೆ ಇಳಿಸಿದರೆ ಆಳ ಕೆಲವು ಹತ್ತು ನ್ಯಾನೋಮೀಟರ್‌ಗಳಿಗೆ ಕುಗ್ಗುತ್ತದೆ. ಮೇಲ್ಮೈಯನ್ನೇ ನೋಡಬೇಕೆನ್ನುವವರು ಕೂಡ ಅಭ್ಯಾಸಬಲದಿಂದ 20ರಲ್ಲೇ ಕುಳಿತಿರುವುದು ನನಗೆ ಸರಿಯೆನಿಸುವುದಿಲ್ಲ. ಅಂತೆಯೇ, ವಿದ್ಯುತ್ ಹರಿಯದ ಪಿಂಗಾಣಿ ಅಥವಾ ಪ್ಲಾಸ್ಟಿಕ್ ಮಾದರಿಗೆ ಚಿನ್ನದ ತೆಳುಲೇಪ ಕೊಟ್ಟಾಗ, ಅತಿ ಹೆಚ್ಚಿನ ವರ್ಧನೆಯಲ್ಲಿ ಕಾಣುವ ನುಣುಪಾದ ಕಾಳುಗಳು ಮಾದರಿಯವಲ್ಲ, ಚಿನ್ನದ್ದೇ ಆಗಿರಬಹುದು.

ಇನ್ನು ಗುರುತುಗಳಿಗೆ ಬರೋಣ. ಲೋಹ ಹಿಗ್ಗಿ ಹರಿದಿದ್ದರೆ ಮೈತುಂಬ ಸಣ್ಣ ಗುಳಿಗಳು. ಗಡುಸಾಗಿ ಸೀಳಿದ್ದರೆ ಚಪ್ಪಟೆಯಾದ, ಹೊಳೆಯುವ ಮುಖಗಳು. ಲೋಹವನ್ನು ಕಟ್ಟಿರುವ ಪುಟ್ಟ ಹರಳುಗಳ, ಅಂದರೆ ಕಣಗಳ, ಗಡಿಯಗುಂಟ ಬಿಟ್ಟುಕೊಂಡಿದ್ದರೆ ಕಲ್ಲುಸಕ್ಕರೆಯ ರಾಶಿಯಂಥ ನೋಟ. ಮರುಕಳಿಸುವ ಹೊರೆಯಿಂದ ಲೋಹ ದಣಿದಿದ್ದರೆ ಸಮಾನಾಂತರವಾದ ನವಿರು ಗೆರೆಗಳು ಕಾಣುತ್ತವೆ. ಅಲ್ಯುಮಿನಿಯಂ ಮಿಶ್ರಲೋಹಗಳಲ್ಲಿ ಇವು ಚೆನ್ನಾಗಿ ಮೂಡುತ್ತವೆ, ಅತಿ ಗಡುಸಾದ ಉಕ್ಕುಗಳಲ್ಲಿ ಸಿಗುವುದೇ ಕಷ್ಟ. ಒಂದು ಗೆರೆ ಎಂದರೆ ಹೊರೆಯ ಒಂದು ಆವರ್ತನ ಎಂಬ ಲೆಕ್ಕ ಹಲವೆಡೆ ಹೊಂದಿದರೂ ಎಲ್ಲೆಡೆ ಹೊಂದುವುದಿಲ್ಲವಾದ್ದರಿಂದ, ಗೆರೆಯೆಣಿಸಿ ಬಿರುಕಿನ ಆಯುಸ್ಸು ಹೇಳುವವರು ಹೊರೆಯ ದಾಖಲೆಯನ್ನೂ ಜೊತೆಗಿಟ್ಟುಕೊಳ್ಳಬೇಕು.

ಇಷ್ಟೆಲ್ಲ ಸಾಧ್ಯವಾಗುವುದು ಮಾದರಿ ಕೆಡದೆ ಕೈಸೇರಿದರೆ ಮಾತ್ರ. ತುಂಡಾದ ಎರಡು ಭಾಗಗಳನ್ನು ‘ಸರಿಯಾಗಿ ಕೂಡುತ್ತವೆಯೇ’ ಎಂದು ಜೋಡಿಸಿ ನೋಡುವವರು ಇದ್ದಾರೆ. ಆ ಒಂದು ಒತ್ತುವಿಕೆಯಲ್ಲೇ ಗೆರೆಗಳು ಜಜ್ಜಿಹೋಗುತ್ತವೆ. ತುಂಡುಗಳನ್ನು ಬೇರೆಬೇರೆಯಾಗಿ, ತೇವ ತಾಗದಂತೆ ಇಟ್ಟು, ಮೊದಲು ಬರಿಗಣ್ಣಿನಿಂದ, ಆಮೇಲೆ ಕಡಿಮೆ ವರ್ಧನೆಯಲ್ಲಿ ನೋಡಿ ಬಿರುಕು ಹುಟ್ಟಿದ ಜಾಗವನ್ನು ಗುರುತಿಸಿಕೊಂಡ ನಂತರವೇ ಸೆಮ್‌ನ ವರ್ಧನೆಯನ್ನು ಏರಿಸಬೇಕು.